ನಗರದ ದಂಗೆ ಪ್ರತ್ಯೇಕತೆಯ ದಂಗೆಯೇ? ನಮ್ಮ ಮನೆಯ ಕಡತದಲ್ಲಿ ಒಂದು ಸಂವತ್ಸರ ಖಾಲಿ ಇದೆ

ನಗರದ ಹಳೆಮನೆ:
ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ನಗರ ಎಂಬ ಊರಿನ ಕೋಟೆಯಿಂದ ನಡೆದುಹೋಗುವಷ್ಟು ದೂರದ ಹಳ್ಳಿ. ಮಳೆಗಾಲಕ್ಕೆ ಮುಂಚೆ ಹೆಂಚು ಸರಿಪಡಿಸಲೆಂದು ಅಟ್ಟ ಖಾಲಿ ಮಾಡಿದಾಗ ಮರದ ಪೆಟ್ಟಿಗೆಯೊಂದರಲ್ಲಿ ನಾಲ್ಕು ಕಡತಗಳು ಸಿಕ್ಕವು. ಕಪ್ಪು ಬಳಿದ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಚಿ, ಎರಡೂ ಕಡೆ ಹಲಗೆ ಕೊಟ್ಟು ಕಟ್ಟಿದವು. ಬಳಪದ ಬರಹ, ಅದೂ ಮೋಡಿ ಅಕ್ಷರ, ಎಂದರೆ ಕೂಡಿಸಿ ಬರೆಯುವ ಹಳೆಯ ಬರವಣಿಗೆ. ನನಗೆ ಓದಲು ಬರುವುದಿಲ್ಲ. ಸೋದರಮಾವ ಸ್ವಲ್ಪ ಓದುತ್ತಾರೆ.

ಮೂರನೆಯ ಕಡತದಲ್ಲಿ ವರ್ಷವರ್ಷದ ಕಂದಾಯದ ಲೆಕ್ಕವಿದೆ. ವಿರೋಧಿ ಸಂವತ್ಸರದವರೆಗೆ ಕಂತು ಕಂತಾಗಿ ಕಟ್ಟಿದ ಹಣವನ್ನು ಒಂದೇ ಕೈ ಬರೆದಿದೆ. ಮುಂದಿನ ಮಡಿಕೆಯ ತಲೆಯಲ್ಲಿ ‘ವಿಕೃತಿ’ ಎಂದಿದೆ. ಕೆಳಗೆ ಏನೂ ಇಲ್ಲ. ಮೂರು ಮಡಿಕೆ ಹಾಗೆಯೇ ಕಪ್ಪಗಿವೆ. ಆಮೇಲೆ ಖರ ಸಂವತ್ಸರ ಶುರುವಾಗುತ್ತದೆ, ಕೈಬರಹ ಬೇರೆ. ಮಾವ ಬೆರಳು ಮಡಚಿ ಎಣಿಸಿ ಹೇಳಿದರು: ವಿಕೃತಿ ಎಂದರೆ 1830-31. ನಗರದ ದಂಗೆಯ ವರ್ಷ.

ಶಾಲೆಯಲ್ಲಿ ಈ ದಂಗೆಯ ಬಗ್ಗೆ ಎರಡು ಸಾಲು ಓದಿದ ನೆನಪು. ಮೊನ್ನೆ ಒಂದು ಸಭೆಯಲ್ಲಿ ಮಾತನಾಡಿದವರೊಬ್ಬರು ಅದನ್ನು ‘ಮೈಸೂರಿನಿಂದ ಬೇರೆಯಾಗಲು ಹೊರಟ ಪ್ರತ್ಯೇಕತಾವಾದಿಗಳ ದಂಗೆ’ ಎಂದರು. ಕೇಳಿ ಮನಸ್ಸಿಗೆ ಕಸಿವಿಸಿಯಾಯಿತು. ನಮ್ಮ ಮನೆಯವರು ಆ ವರ್ಷ ಏನು ಮಾಡುತ್ತಿದ್ದರು? ಬಲ್ಲವರು ತಿಳಿಸಿ.

ತುಂಗಾತೀರ:
ಸಭೆಯಲ್ಲಿ ಹೇಳಿದ್ದರಲ್ಲಿ ತಪ್ಪೇನೂ ಕಾಣುವುದಿಲ್ಲ. ದಂಗೆಯ ಮುಂದಾಳು ಬೂದಿ ಬಸವಪ್ಪ ತನ್ನನ್ನು ಕೆಳದಿ ಅರಸರ ವಂಶದವನೆಂದು ಹೇಳಿಕೊಂಡ, ‘ನಗರದ ಖಾವಂದ’, ಎಂದರೆ ಒಡೆಯ, ಎಂದು ಕರೆಸಿಕೊಂಡ, ಹಳೆಯ ಮುದ್ರೆ ಹಿಡಿದು ಕೌಲು, ಎಂದರೆ ಭರವಸೆಯ ಪತ್ರ, ಹೊರಡಿಸಿದ. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕ ಮೈಸೂರಿನಿಂದ ತಪ್ಪಿಸಿಕೊಂಡು ಬಂದು ಕಲ್ದುರ್ಗ, ಕಾಮನದುರ್ಗಗಳನ್ನು ಹಿಡಿದ. ಒಂದು ಸೀಮೆಯವರು ತಮಗೆ ಬೇರೆ ದೊರೆ, ಬೇರೆ ಮುದ್ರೆ, ಬೇರೆ ಕೋಟೆ ಬೇಕೆಂದರೆ ಅದಕ್ಕೆ ಇನ್ನೇನು ಹೆಸರಿಡಬೇಕು? ಕಸಿವಿಸಿಪಡುವ ಅಗತ್ಯವಿಲ್ಲ. ಇತಿಹಾಸ ನಮ್ಮ ಮನಸ್ಸಿಗೆ ಹಿತವಾಗಿಯೇ ಇರಬೇಕೆಂದಿಲ್ಲ.

ನಿವೃತ್ತ ಮೇಷ್ಟ್ರು, ಸಾಗರ:
ಹಳೆಮನೆಯವರೇ, ಕಡತ ಕಂಡ ಸುದ್ದಿ ಓದಿ ಬಹಳ ಸಂತೋಷವಾಯಿತು. ತುಂಗಾತೀರದವರು ಮುದ್ರೆಯಿಂದ ಶುರುಮಾಡಿದರು. ನಾನು ಕಂದಾಯದಿಂದ ಶುರುಮಾಡುತ್ತೇನೆ, ಏಕೆಂದರೆ ದಂಗೆ ಶುರುವಾದದ್ದೂ ಅಲ್ಲಿಂದಲೇ.

ಮಲೆನಾಡಿನ ಒಕ್ಕಲಿಗೆ ‘ಶಿಸ್ತು’ ಎಂದರೆ ಶಾಲೆಯಲ್ಲಿ ಕೈಕಟ್ಟಿ ಕೂರುವುದಾಗಿರಲಿಲ್ಲ. ಅದು ಕೆಳದಿಯ ಅರಸ ಶಿವಪ್ಪ ನಾಯಕ ನಿಗದಿ ಮಾಡಿದ ಭೂಕಂದಾಯದ ದರ. 1645ರಿಂದ 1660ರವರೆಗೆ ಆಳಿದ ಆತ ಭೂಮಿಯನ್ನು ಗುಣ ನೋಡಿ ವಿಂಗಡಿಸಿ, ಬೆಳೆ ಅಳೆದು, ಸರ್ಕಾರದ ಪಾಲು ಉತ್ಪನ್ನದ ಮೂರನೆಯ ಒಂದು ಭಾಗ ಎಂದು ಗೊತ್ತುಮಾಡಿದ. ಕಡಿಮೆಯೇನೂ ಅಲ್ಲ. ಆದರೆ ಇಂತಿಷ್ಟು ಎಂದು ಗೊತ್ತಿತ್ತು. ಇಷ್ಟು ಕೊಟ್ಟರೆ ಉಳಿದದ್ದು ನನ್ನದು ಎಂದು ಒಕ್ಕಲು ಹೇಳಬಹುದಿತ್ತು. 1763ರಲ್ಲಿ ಹೈದರಾಲಿ ಕೆಳದಿಯವರ ರಾಜಧಾನಿ ಬಿದನೂರನ್ನು ಹಿಡಿದ, ರಾಣಿ ವೀರಮ್ಮಾಜಿಯನ್ನು ಮಧುಗಿರಿ ಕೋಟೆಯಲ್ಲಿಟ್ಟ, ಊರಿಗೆ ಹೈದರ್‌ನಗರ ಎಂದು ಹೆಸರಿಟ್ಟ. ನಿಮ್ಮ ‘ನಗರ’ ಅದರ ಉಳಿಕೆ. ಆಮೇಲೆ ಬಂದವರೆಲ್ಲ ಶಿಸ್ತಿನ ಮೇಲೆ ಪಟ್ಟಿ ಎಂಬ ಹೆಚ್ಚುವರಿ ತೆರಿಗೆಗಳನ್ನು ಹೇರುತ್ತ ಹೋದರು. ಆದರೂ ನ್ಯಾಯದ ಅಳತೆ ಯಾವುದು ಎಂದರೆ ಜನರ ಬಾಯಲ್ಲಿ ಬರುತ್ತಿದ್ದದ್ದು ಶಿಸ್ತೇ.

1799ರಲ್ಲಿ ಶ್ರೀರಂಗಪಟ್ಟಣ ಬಿತ್ತು. ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಈಸ್ಟ್ ಇಂಡಿಯಾ ಕಂಪನಿ ಪಟ್ಟಕ್ಕೆ ಕೂರಿಸಿತು. ಅದಕ್ಕೆ ಪ್ರತಿಯಾಗಿ ಮೈಸೂರು ವರ್ಷಕ್ಕೆ 7 ಲಕ್ಷ ವರಹ ಕಂಪನಿಗೆ ತೆರಬೇಕು. ಮಳೆ ಬರಲಿ ಬಿಡಲಿ, ಬೆಲೆ ಏರಲಿ ಇಳಿಯಲಿ, ಆ ಹಣ ತಪ್ಪುವಂತಿಲ್ಲ. 1811ರಲ್ಲಿ ದಿವಾನ ಪೂರ್ಣಯ್ಯ ಅಧಿಕಾರ ಬಿಟ್ಟಮೇಲೆ ಬೊಕ್ಕಸ ಬರಿದಾಗುತ್ತ ಬಂತು. ಆಗ ಗಟ್ಟಿಯಾದದ್ದು ‘ಶರತ್ತು’ ಪದ್ಧತಿ. ನನ್ನ ತಾಲ್ಲೂಕಿನಿಂದ ಇಷ್ಟು ಹಣ ಎತ್ತಿಕೊಡುತ್ತೇನೆ ಎಂದು ತಾಲ್ಲೂಕಿನ ಅಧಿಕಾರಿಯಾದ ಅಮಲ್ದಾರ ಮುಚ್ಚಳಿಕೆ ಬರೆದುಕೊಡಬೇಕು. ಕಡಿಮೆ ಬಿದ್ದರೆ ತನ್ನ ಕೈಯಿಂದ ತುಂಬಬೇಕು. ಹೀಗೆ ಬರೆದುಕೊಟ್ಟವನು ರೈತನ ಮನೆಯ ಜಗುಲಿಯಲ್ಲಿ ಹೇಗೆ ಕೂರುತ್ತಾನೆ, ಯೋಚಿಸಿ. ಅದೇ ವರ್ಷಗಳಲ್ಲಿ ದಕ್ಷಿಣದಲ್ಲೆಲ್ಲ ಧಾನ್ಯದ ಬೆಲೆ ಇಳಿಯುತ್ತಿತ್ತು. ಕಂದಾಯ ಮಾತ್ರ ನಗದಾಗಿಯೇ ಕಟ್ಟಬೇಕು.

ನಗರದ ಫೌಜುದಾರಿಕೆಯ, ಎಂದರೆ ಆ ಸೀಮೆಯ ಮೇಲಾಡಳಿತದ, ಕಥೆ ಇನ್ನೂ ನೋವಿನದು. ಅಲ್ಲಿ ಬೇರೂರಿದ್ದ ರಾಮರಾಯನ ಬಳಗದವರು ಕೆಲವು ಬಾಕಿಗಳನ್ನು ಮಾಫಿ ಮಾಡಿದ್ದರು. ಆಮೇಲೆ ಫೌಜುದಾರನಾಗಿ ಬಂದ ವೀರರಾಜೇ ಅರಸು, ಆ ಮಾಫಿಗಳು ಮೋಸದವು ಎಂದು ಲೆಕ್ಕ ತೆಗೆಸಿ ಹಣ ಕೇಳಿದ. ಮಾಫಿಯಲ್ಲಿ ಮೋಸ ಇದ್ದಿರಬಹುದು. ಆದರೆ ಬಾಕಿ ಹೋಯಿತೆಂದು ನೆಮ್ಮದಿಯಾಗಿ ಮಲಗಿದವನನ್ನು ಎಬ್ಬಿಸಿ ಮತ್ತೆ ಕಟ್ಟು ಎಂದರೆ ಅವನ ಹೊಟ್ಟೆಗೆ ಬೆಂಕಿ ಬೀಳುತ್ತದೆ. ಹುದ್ದೆ ಕಳೆದುಕೊಂಡ ಬಳಗ ಆ ಬೆಂಕಿಗೆ ಗಾಳಿ ಹಾಕಿತು.

ಈಗ ಬೂದಿ ಬಸವಪ್ಪನ ಕೌಲಿಗೆ ಬನ್ನಿ. ಅದರಲ್ಲಿ ಇದ್ದದ್ದೇನು? ಹಳೆಯ ಬಾಕಿಯೆಲ್ಲ ಮಾಫಿ. ಮುಂದೆ ಒಂದು ವರಹ ಕಟ್ಟುತ್ತಿದ್ದ ಕಡೆ ಒಂದು ರೂಪಾಯಿ ಕಟ್ಟಿದರೆ ಸಾಕು. ವರಹ ಎಂದರೆ ಸುಮಾರು ಮೂರು ರೂಪಾಯಿ. ಜನ ಕಿವಿಗೊಟ್ಟದ್ದು ವಂಶಾವಳಿಗೋ ಈ ಲೆಕ್ಕಕ್ಕೋ?

ಬಸವಾಪಟ್ಟಣ ಸೀಮೆ:
ಮೇಷ್ಟ್ರ ಮಾತಿಗೆ ಒಂದು ಸೇರಿಸುತ್ತೇನೆ. ಎಲ್ಲರೂ ಬೂದಿ ಬಸವಪ್ಪನ ಹೆಸರನ್ನೇ ಹೇಳುತ್ತಾರೆ. ಅವನು ಮುಂದೆ ಬರುವ ಮೊದಲೇ ರೈತರು ಕೂಟ ಸೇರಿದ್ದರು ಎಂಬುದು ಮರೆತುಹೋಗುತ್ತದೆ. 1830ರ ಆಗಸ್ಟ್‌ನಲ್ಲಿ ನಮ್ಮ ಬಸವಾಪಟ್ಟಣದ ರೈತರು ಬೇರೆ ಬೇರೆ ಸೀಮೆಗಳಿಗೆ ಓಲೆ ಕಳಿಸಿದರು, ಒಟ್ಟಾಗಿ ಸೇರಿ ದೂರು ಹೇಳೋಣ ಎಂದು. ಇಂದು ನಮ್ಮೂರು ದಾವಣಗೆರೆ ಜಿಲ್ಲೆಗೆ ಸೇರಿದೆ. 1997ರವರೆಗೆ ಶಿವಮೊಗ್ಗದಲ್ಲೇ ಇತ್ತು.

‘ಕೂಟ’ ಎಂಬ ಪದ ಆಗಿನ ಬ್ರಿಟಿಷ್ ಕಾಗದಪತ್ರಗಳಲ್ಲೂ ಹಾಗೆಯೇ ಉಳಿದಿದೆ. ಅವರಿಗೆ ಅದಕ್ಕೆ ತಮ್ಮ ಭಾಷೆಯ ಪದ ಸಾಲಲಿಲ್ಲ. ಕೂಟ ಎಂದರೆ ದಂಡಲ್ಲ. ಉಳುಮೆ ಬಿಟ್ಟು, ಬುತ್ತಿ ಕಟ್ಟಿಕೊಂಡು, ಊರಿಗೆ ಊರೇ ಬಂದು ಒಂದು ಕಡೆ ಕೂರುವುದು. ಅಮಲ್ದಾರ ಕರೆದರೂ ಏಳದಿರುವುದು. ಭಾದ್ರಪದದ ಮಳೆಯಲ್ಲಿ, ಗದ್ದೆಯಲ್ಲಿ ಕಳೆ ಕೀಳುವ ಹೊತ್ತಿನಲ್ಲಿ ರೈತ ಗದ್ದೆ ಬಿಟ್ಟು ಬಂದು ಕೂತ ಎಂದರೆ ಅವನ ಸಂಕಟ ಎಷ್ಟಿದ್ದಿರಬೇಕು! ನಮ್ಮ ಕಡೆಯ ಯಾರಾದರೂ ಇದನ್ನು ಓದುತ್ತಿದ್ದರೆ ದಯವಿಟ್ಟು ಮಕ್ಕಳಿಗೆ ಹೇಳಿ. ಊರಿನಲ್ಲಿ ಒಂದು ಫಲಕ ಕೂಡ ನನ್ನ ಕಣ್ಣಿಗೆ ಬಿದ್ದಿಲ್ಲ.

ತುಂಗಾತೀರ:
ಕೂಟದ ಬಗ್ಗೆ ನನಗೂ ಗೌರವವಿದೆ. ಆದರೆ ಎರಡು ಮಾತು.

ಮೊದಲನೆಯದು, ಬೂದಿ ಬಸವಪ್ಪ ಸಂತನಲ್ಲ. ಅವನ ಮೂಲ ಹೆಸರು ಸಾದರಮಲ್ಲ ಎನ್ನುತ್ತಾರೆ. ಕೆನರಾದ ಸೆರೆಮನೆ ಕಂಡವನು, ಜಂಗಮನೊಬ್ಬನಿಂದ ಅರಮನೆಯ ಮುದ್ರೆ ಸಂಪಾದಿಸಿದವನು ಎಂದು ದಾಖಲೆ. ಬರೆದವರು ಎದುರಾಳಿಗಳು, ಒಪ್ಪಿದೆ. ಆದರೂ ಅವನನ್ನು ರೈತನಾಯಕನ ಪೀಠದಲ್ಲಿ ಕೂರಿಸುವ ಮೊದಲು ಯೋಚಿಸಬೇಕು.

ಎರಡನೆಯದು ನನಗೆ ಮುಖ್ಯ. ಕೂಟ ಕೂತಿದ್ದವರು ಕೂತೇ ಇರಲಿಲ್ಲ. ಪಾಳೆಯಗಾರರು ಸೇರಿಕೊಂಡ ಮೇಲೆ ಕೋಟೆ, ಕೋವಿ, ಕೊಳ್ಳೆ ಎಲ್ಲ ಬಂದವು. ನೂರಾರು ಮನೆಗಳ ದೀಪ ಆರಿತು. ಮೈಸೂರಿನ ಕಡೆಯವರು ಹಿಡಿದವರನ್ನು ಗಲ್ಲಿಗೇರಿಸಿದರು. ಎರಡು ಕಡೆಯ ಕಾಲ್ತುಳಿತಕ್ಕೆ ಸಿಕ್ಕವನು ಅದೇ ರೈತ. ಬೇರೆ ಸಿಂಹಾಸನದ ಆಸೆ ನಡುವೆ ಬರದಿದ್ದರೆ ದೂರು ದೂರಾಗಿಯೇ ಉಳಿದು ನ್ಯಾಯ ಸಿಗುತ್ತಿತ್ತೋ ಏನೋ. ನಾನು ‘ಪ್ರತ್ಯೇಕತೆ’ ಎಂಬ ಪದಕ್ಕೆ ಅಂಟಿಕೊಂಡದ್ದು ಅದಕ್ಕಾಗಿ.

ನಿವೃತ್ತ ಮೇಷ್ಟ್ರು, ಸಾಗರ:
ಎರಡನೆಯ ಮಾತು ನನ್ನನ್ನೂ ಕಾಡಿದೆ. ಆದರೆ ದೂರು ಯಾರಿಗೆ ಹೇಳಬೇಕಿತ್ತು? ಅಮಲ್ದಾರನಿಗೆ ಹೇಳಿದರೆ ಮುಚ್ಚಳಿಕೆ ಬರೆದುಕೊಟ್ಟವನೇ ಅವನು. ಫೌಜುದಾರನಿಗೆ ಹೇಳಿದರೆ ಬಾಕಿ ಕೆದಕಿದವನೇ ಅವನು. 1830ರ ಡಿಸೆಂಬರ್‌ನಲ್ಲಿ ಮಹಾರಾಜರೇ ಮೈಸೂರು ಬಿಟ್ಟು ಚನ್ನರಾಯಪಟ್ಟಣದ ಕಡೆಗೆ ಬಂದರು. ಆಗಸ್ಟ್‌ನ ಓಲೆಗೂ ಡಿಸೆಂಬರ್‌ನ ಪ್ರಯಾಣಕ್ಕೂ ನಡುವೆ ನಾಲ್ಕು ತಿಂಗಳು. ಅಷ್ಟರಲ್ಲಿ ಕೂಟದವರ ತಾಳ್ಮೆ ಮುಗಿದಿತ್ತು.

ಇನ್ನೊಂದು ವಿಷಯ. 1763ಕ್ಕೂ 1830ಕ್ಕೂ ಅಂತರ 67 ವರ್ಷ. ಬಿದನೂರಿನ ಅರಮನೆಯನ್ನು ಕಣ್ಣಾರೆ ಕಂಡ ಅಜ್ಜ ಅಜ್ಜಿಯರು ಕೆಲವು ಮನೆಗಳಲ್ಲಿ ಇನ್ನೂ ಬದುಕಿದ್ದಿರಬೇಕು. ಅಂಥವರ ಮನಸ್ಸಿನಲ್ಲಿ ನ್ಯಾಯಕ್ಕೂ ಆ ಸಿಂಹಾಸನಕ್ಕೂ ಒಂದೇ ಹೆಸರು. ಶಿಸ್ತು ಬೇಕು ಎಂದರೆ ಶಿಸ್ತು ಕೊಟ್ಟ ಮನೆತನ ಬೇಕು ಎಂದಂತೆಯೇ. ‘ಕಂದಾಯ ಇಳಿಸಿ’ ಎಂದು ಬಾಯಿಬಿಟ್ಟು ಕೇಳುವ ಶಾಸನಸಭೆ, ಪತ್ರಿಕೆ, ಪಕ್ಷ ಯಾವುದೂ ಇಲ್ಲದ ಕಾಲದಲ್ಲಿ ರೈತನಿಗೆ ಗೊತ್ತಿದ್ದ ಒಂದೇ ಮಾತು ‘ನಮ್ಮ ದೊರೆ ಬಂದ’ ಎಂಬುದು. ಅದನ್ನು ಇಂದಿನ ‘ಪ್ರತ್ಯೇಕತಾವಾದ’ದ ಚೀಲಕ್ಕೆ ತುಂಬಿದರೆ, ಅವರು ಹೇಳಲು ಹೊರಟದ್ದೇ ನಮ್ಮ ಕಿವಿಗೆ ಬೀಳುವುದಿಲ್ಲ.

ಸುಳ್ಯದ ಕಡೆಯವನು:
ಘಟ್ಟದ ಕೆಳಗಿನಿಂದ ನಮಸ್ಕಾರ. ಮೇಷ್ಟ್ರ ಮಾತು ಓದುತ್ತಿದ್ದಂತೆ ನಮ್ಮ ಅಮರಸುಳ್ಯದ ದಂಗೆಯ ನೆನಪಾಯಿತು. ಅದು 1837, ನಿಮ್ಮ ದಂಗೆಗೆ ಏಳು ವರ್ಷ ಕಳೆದ ಮೇಲೆ. 1834ರಲ್ಲಿ ಕಂಪನಿ ಕೊಡಗನ್ನು ನುಂಗಿತ್ತು. ಅಲ್ಲಿಯೂ ಅರಸುಮನೆತನದವನೆಂದು ಹೇಳಿಕೊಂಡ ಕಲ್ಯಾಣಸ್ವಾಮಿ, ಅಲ್ಲಿಯೂ ಕಂದಾಯ ಮಾಫಿಯ ಮಾತು, ಅಲ್ಲಿಯೂ ಹಿಂದೆ ನಿಂತವರು ರೈತರು. ಮಂಗಳೂರನ್ನೇ ಹಿಡಿದು 13 ದಿನ ಇಟ್ಟುಕೊಂಡಿದ್ದರು. ಕಿತ್ತೂರಿನಲ್ಲಿ ಸಂಗೊಳ್ಳಿ ರಾಯಣ್ಣ ಹೋರಾಡಿದ್ದೂ ದತ್ತುಪುತ್ರನನ್ನು ಪಟ್ಟಕ್ಕೆ ತರಲು. ಅವನನ್ನು ಗಲ್ಲಿಗೇರಿಸಿದ್ದು 1831ರ ಜನವರಿಯಲ್ಲಿ, ಎಂದರೆ ನಿಮ್ಮ ನಗರ ಹೊತ್ತಿ ಉರಿಯುತ್ತಿದ್ದಾಗಲೇ. ರಾಯಣ್ಣನನ್ನು ಯಾರೂ ಪ್ರತ್ಯೇಕತಾವಾದಿ ಎನ್ನುವುದಿಲ್ಲ, ಎದುರಿಗಿದ್ದದ್ದು ಕಂಪನಿ ಎಂಬ ಕಾರಣಕ್ಕೆ. ನಗರದವರ ಎದುರಿಗೆ ಮೈಸೂರು ಅರಮನೆ ಇತ್ತು. ಹೆಸರು ಬೇರೆಯಾದದ್ದು ಅಷ್ಟಕ್ಕೇ ಎಂದು ನನಗನ್ನಿಸುತ್ತದೆ.

ತುಂಗಾತೀರ:
ಈ ಹೋಲಿಕೆ ನನಗೆ ಹೊಳೆದಿರಲಿಲ್ಲ. ಒಪ್ಪಬೇಕಾದ ಮಾತು. ಎದುರಾಳಿ ಯಾರು ಎಂಬುದರ ಮೇಲೆ ಹೆಸರಿಡುತ್ತೇವೆ, ನಿಜ.

ಆದರೆ ದಂಗೆಯ ಫಲವನ್ನೂ ನೋಡಿ. 1831ರಲ್ಲಿ ಕಂಪನಿಯ ಸೈನ್ಯ ಬಂದು ಜೂನ್ ಹೊತ್ತಿಗೆ ನಗರದ ಕೋಟೆಯನ್ನು ಹಿಡಿಯಿತು. ಅಕ್ಟೋಬರ್‌ನಲ್ಲಿ ಗವರ್ನರ್ ಜನರಲ್ ಬೆಂಟಿಂಕ್ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡ. ನಗರದವರು ಬಿದನೂರಿನ ಸಿಂಹಾಸನ ಕೇಳಿದರು, ಮೈಸೂರಿನ ಸಿಂಹಾಸನವೂ ಕೈತಪ್ಪಿತು. ಅರಮನೆಗೆ ರಾಜ್ಯ ಮರಳಿದ್ದು 1881ರಲ್ಲಿ. ಅದನ್ನು ನೋಡಲು ಮುಮ್ಮಡಿಯವರು ಇರಲಿಲ್ಲ, 1868ರಲ್ಲೇ ತೀರಿಕೊಂಡಿದ್ದರು. ಐವತ್ತು ವರ್ಷ!

ನಿವೃತ್ತ ಮೇಷ್ಟ್ರು, ಸಾಗರ:
ಹೌದು, ಐವತ್ತು ವರ್ಷ. ಆಡಳಿತ ನಡೆಸಲು ಬಂದ ಕಮಿಷನರ್‌ಗಳು ಬೆಂಗಳೂರಿನಲ್ಲಿ ಕೂತರು. ಮಾರ್ಕ್ ಕಬ್ಬನ್ 1834ರಿಂದ 1861ರವರೆಗೆ ಅಲ್ಲಿಂದಲೇ ಆಳಿದ. ಮೈಸೂರು ಸೀಮೆಯ ಆಡಳಿತ ಬೆಂಗಳೂರಿಗೆ ಹೋಗಿ ನೆಲೆಯೂರಿದ್ದು ಹೀಗೆ. ನಮ್ಮ ಹುಡುಗರು ಕಬ್ಬನ್ ಉದ್ಯಾನದಲ್ಲಿ ಕೂತು ಊರಿಗೆ ಫೋನ್ ಮಾಡುತ್ತಾರೆ. ಆ ಹೆಸರು ಅಲ್ಲಿಗೆ ಬರಲು ಬಸವಾಪಟ್ಟಣದ ಒಂದು ಓಲೆಯೂ ಕಾರಣ ಎಂದು ಅವರಿಗೆ ಯಾರು ಹೇಳಿದ್ದಾರೆ?

ಕಂಪನಿಯೇ ನೇಮಿಸಿದ ವಿಚಾರಣಾ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಅದರಲ್ಲಿ ಕಬ್ಬನ್ ಕೂಡ ಇದ್ದ. ರೈತರ ಸಂಕಟದ ಬೇರು ಎಲ್ಲಿದೆ ಎಂದು ಬಿಳಿಯ ಅಧಿಕಾರಿಗಳು ಕಾಗದದ ಮೇಲೆ ಹುಡುಕಿದರು. ಅವರ ಕೈಗೇ ಹೋಗುತ್ತಿದ್ದ 7 ಲಕ್ಷ ವರಹದ ಭಾರವನ್ನು ಮಾತ್ರ ಇಳಿಸಲಿಲ್ಲ. ನನಗೆ ಸಿಟ್ಟು ಬರುವುದು ಇಲ್ಲಿ. ಮೈಸೂರಿನವರ ದುರಾಡಳಿತ ಎಂದು ಬರೆದು ರಾಜ್ಯವನ್ನು ತೆಗೆದುಕೊಂಡರು. ಆ ದುರಾಡಳಿತಕ್ಕೆ ಒತ್ತಡ ಹಾಕಿದ ಕೈ ಯಾವುದು?

ಶಿಕಾರಿಪುರದ ಸೊಸೆ:
ನಾನು ಇತಿಹಾಸ ಓದಿದವಳಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯವರ ಬಾಯಿಂದ ಈಸೂರಿನ ಕಥೆ ಕೇಳಿದೆ. ಇಲ್ಲಿ ಅದನ್ನು ಯಾರೂ ಎತ್ತಲಿಲ್ಲವಲ್ಲ ಎಂದು ಬರೆಯುತ್ತಿದ್ದೇನೆ.

1942ರ ಸೆಪ್ಟೆಂಬರ್. ಕಂದಾಯಕ್ಕೆ ಬಂದವರ ಕೈಯಿಂದ ಲೆಕ್ಕದ ಪುಸ್ತಕಗಳನ್ನು ಊರವರು ಕಿತ್ತುಕೊಂಡರು. ವೀರಭದ್ರ ದೇವರ ಗುಡಿಯ ಮೇಲೆ ಬಾವುಟ ಹಾರಿಸಿ, ಇದು ಸ್ವತಂತ್ರ ಊರು ಎಂದರು. ಒಬ್ಬ ಹುಡುಗನನ್ನೇ ಅಮಲ್ದಾರ ಎಂದು ನೇಮಿಸಿದರು. ‘ಏಸೂರು ಕೊಟ್ಟರೂ ಈಸೂರು ಕೊಡೆವು’ ಎಂಬ ಮಾತು ಇಂದಿಗೂ ನಮ್ಮ ಮನೆಯಲ್ಲಿ ಮಕ್ಕಳ ಬಾಯಲ್ಲಿದೆ. ಆಮೇಲೆ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್‌ಸ್ಪೆಕ್ಟರರೂ ಸತ್ತರು. 1943ರ ಮಾರ್ಚ್‌ನಲ್ಲಿ ಐವರನ್ನು ಗಲ್ಲಿಗೇರಿಸಿದರು. ಹೆಂಗಸರಿಗೂ ಶಿಕ್ಷೆಯಾಯಿತು. ಅತ್ತೆ ಕಥೆ ಹೇಳುವಾಗ ಇಲ್ಲಿಗೆ ಬಂದರೆ ಸ್ವಲ್ಪ ಹೊತ್ತು ಸುಮ್ಮನಾಗುತ್ತಿದ್ದರು. ಪೊಲೀಸರು ಬಂದಾಗ ಮಕ್ಕಳನ್ನು ಎತ್ತಿಕೊಂಡು ಕಾಡು ಸೇರಿದವರ ಮಾತು ಆಮೇಲೆ ಬರುತ್ತಿತ್ತು. ಕತ್ತಲೆಯಲ್ಲಿ ಮಗು ಅಳದಂತೆ ಬಾಯಿಗೆ ಬೆಲ್ಲದ ಚೂರು ಇಡುತ್ತಿದ್ದರಂತೆ.

ನೂರಹನ್ನೆರಡು ವರ್ಷದ ಹಿಂದಿನ ಕೂಟದವರೂ ಕಂದಾಯದ ಲೆಕ್ಕಕ್ಕೇ ಎದುರು ನಿಂತರು. ಅವರು ಹಳೆಯ ದೊರೆಯನ್ನು ಕರೆದರು, ಇವರು ದೊರೆಯನ್ನು ಕರೆಯಲಿಲ್ಲ, ತಮ್ಮ ಹುಡುಗನನ್ನೇ ಕೂರಿಸಿದರು. ನನಗೆ ಕಂಡ ವ್ಯತ್ಯಾಸ ಇದು. ತಪ್ಪಿದ್ದರೆ ಮೇಷ್ಟ್ರು ತಿದ್ದಬೇಕು.

ನಿವೃತ್ತ ಮೇಷ್ಟ್ರು, ಸಾಗರ:
ತಿದ್ದುವುದೇನೂ ಇಲ್ಲ, ತಾಯಿ. ಇಷ್ಟು ಉದ್ದ ಬರೆದ ನಾನು ಹೇಳದೆ ಬಿಟ್ಟದ್ದನ್ನು ನೀವು ಹೇಳಿದಿರಿ. ಇದರ ಮುಂದಿನ ಕೊಂಡಿ ನಮ್ಮ ಸಾಗರದ ಕಾಗೋಡು. 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಗೇಣಿ ಅಳೆಯುವ ಕೊಳಗದ ವಿಷಯಕ್ಕೆ. ಧಣಿಯ ಕೊಳಗ ದೊಡ್ಡದು ಎಂಬ ಒಂದೇ ದೂರು. ಮತ್ತೆ ಅಳತೆಯ ಪ್ರಶ್ನೆ, ನೋಡಿ. ಆಗ ಸಮಾಜವಾದಿ ನಾಯಕ ಲೋಹಿಯಾ ಬಂದು ಬಂಧನಕ್ಕೊಳಗಾದರು, ಶಾಂತವೇರಿ ಗೋಪಾಲಗೌಡರು ಮರುವರ್ಷ ಶಾಸನಸಭೆಗೆ ಹೋದರು. 1830ರಲ್ಲಿ ಇಲ್ಲದ ಬಾಗಿಲು ಅಷ್ಟರಲ್ಲಿ ತೆರೆದಿತ್ತು.

ಕೆಳದಿ ದಾರಿ:
ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ. ನಾನು ಹತ್ತು ವರ್ಷಗಳಿಂದ ಕಡತ ಓದುವ ಅಭ್ಯಾಸ ಮಾಡಿಕೊಂಡಿದ್ದೇನೆ. ಹಳೆಮನೆಯವರು ಮೂರು ಮಡಿಕೆ ಖಾಲಿ ಎಂದದ್ದು ತಲೆಯಲ್ಲಿ ಕೊರೆಯುತ್ತಿದೆ.

ಕಡತದ ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದಿರುತ್ತಾರೆ. ಬಳಪದಲ್ಲಿ ಬರೆದದ್ದನ್ನು ಒರೆಸಿ, ಮೇಲೆ ಇನ್ನೊಮ್ಮೆ ಬಳಿದರೆ ಹೊಸದರಂತೆ ಆಗುತ್ತದೆ. ತಲೆಬರಹ ಬರೆದು ಮೂರು ಮಡಿಕೆ ಬಿಟ್ಟರು ಎಂದರೆ ನನಗೆ ನಂಬಿಕೆ ಬರುವುದಿಲ್ಲ. ಮುಂದಿನ ವರ್ಷದ ಲೆಕ್ಕಕ್ಕೆ ಯಾರೂ ಅಷ್ಟು ಜಾಗ ಬಿಡುವುದಿಲ್ಲ. ಅದು ಖಾಲಿ ಅಲ್ಲದಿರಬಹುದು, ಒರೆಸಿದ್ದಿರಬಹುದು.

ಹೀಗೆ ಮಾಡಿ. ರಾತ್ರಿ ದೀಪ ಆರಿಸಿ, ಕಡತವನ್ನು ಮಣೆಯ ಮೇಲೆ ಹರವಿ, ಟಾರ್ಚನ್ನು ಬಟ್ಟೆಗೆ ತಾಗುವಷ್ಟು ಕೆಳಗೆ ಅಡ್ಡಲಾಗಿ ಹಿಡಿಯಿರಿ. ಮೇಲಿನಿಂದ ಬೆಳಕು ಬಿಡಬೇಡಿ. ಬಳಪ ಒತ್ತಿದ ಕಡೆ ಗೀರು ಉಳಿದಿರುತ್ತದೆ, ಅದರ ನೆರಳು ಕಾಣುತ್ತದೆ. ಎಣ್ಣೆ, ನೀರು, ಸುಣ್ಣ ಏನನ್ನೂ ಹಚ್ಚಬೇಡಿ. ಕೈಬೆರಳಿನಿಂದಲೂ ಉಜ್ಜಬೇಡಿ.

ನಗರದ ಹಳೆಮನೆ:
ಎಲ್ಲರಿಗೂ ಕೈಮುಗಿಯುತ್ತೇನೆ. ನಿನ್ನೆ ರಾತ್ರಿ ಕೆಳದಿ ದಾರಿಯವರು ಹೇಳಿದಂತೆ ಮಾಡಿದೆವು. ಹೊರಗೆ ಮಳೆ ಶುರುವಾಗಿತ್ತು, ಕರೆಂಟು ಹೇಗೂ ಇರಲಿಲ್ಲ. ಮಾವ ನೆಲದಲ್ಲಿ ಬೋರಲು ಮಲಗಿ ಓದಿದರು, ನಾನು ಟಾರ್ಚು ಹಿಡಿದೆ, ಅಮ್ಮ ಪಕ್ಕದಲ್ಲಿ ಕೂತಿದ್ದರು.

ಅಕ್ಷರಗಳಿವೆ. ಮೊದಲ ಎರಡು ಮಡಿಕೆಗಳಲ್ಲಿ ಗೀರು ಕಾಣುತ್ತದೆ, ಓದಲು ಸಿಗುವುದಿಲ್ಲ. ಮೂರನೆಯದರಲ್ಲಿ ಒಂದು ಸಾಲು ಸಿಕ್ಕಿತು. ಮಾವ ಮೂರು ಸಲ ಓದಿ, ಮೂರನೆಯ ಸಲ ನಿಧಾನವಾಗಿ ಹೇಳಿದರು: ‘ಕೂಟಕ್ಕೆ ಅಕ್ಕಿ’. ಮುಂದೆ ಅಳತೆಯ ಗುರುತಿದೆ, ಎಷ್ಟು ಎಂಬುದು ಒರೆಸಿಹೋಗಿದೆ. ಆ ಪುಟದಲ್ಲಿ ‘ಕಂದಾಯ’ ಎಂಬ ಪದ ನಮಗೆ ಎಲ್ಲಿಯೂ ಸಿಗಲಿಲ್ಲ.

ಒರೆಸಿದವರು ಯಾರು, ಬರೆದ ಕೈಯೋ ಆಮೇಲೆ ಬಂದ ಕೈಯೋ ಎಂದು ಮಾವನನ್ನು ಕೇಳಿದೆ. ಅವರು ಉತ್ತರ ಹೇಳಲಿಲ್ಲ. ಖರ ಸಂವತ್ಸರದ ಮೊದಲ ಸಾಲನ್ನು ಮತ್ತೊಮ್ಮೆ ತೋರಿಸಿದರು. ಅಲ್ಲಿ ಕಂದಾಯ ಕಟ್ಟಿದ್ದು ಮನೆಯ ಹೆಂಗಸಿನ ಹೆಸರಿನಲ್ಲಿದೆ.

ಕೆಳದಿ ದಾರಿಯವರೇ, ಭಾನುವಾರ ಬಿಡುವಾದರೆ ದಯವಿಟ್ಟು ನಮ್ಮ ಮನೆಗೆ ಬನ್ನಿ. ನಗರದ ಬಸ್ ನಿಲ್ದಾಣದಲ್ಲಿ ಇಳಿದರೆ ನಾನೇ ಬಂದು ಕರೆದುಕೊಂಡು ಹೋಗುತ್ತೇನೆ. ಉಳಿದ ಎರಡು ಮಡಿಕೆಗಳನ್ನು ನೀವು ನೋಡಬೇಕು. ಅಮ್ಮ ಕಡತವನ್ನು ಹಳೆಯ ಬಟ್ಟೆಯಲ್ಲಿ ಸುತ್ತಿ ದೇವರ ಕೋಣೆಯಲ್ಲಿ ಇಟ್ಟಿದ್ದಾರೆ, ಅಟ್ಟಕ್ಕೆ ಇನ್ನು ಬೇಡ ಎಂದರು.